ಅತ್ತೆಯ ರಕ್ತದಲ್ಲಿ ಲ್ಯಾಟಿನ್

‘ಗೊತ್ತಿಲ್ಲ’ ಎಂಬ ಮೂರಕ್ಷರ ನನ್ನ ಬಾಯಿಂದ ಹೊರಡುವುದೇ ಇಲ್ಲ. ಕುಕನೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನಿಗೆ ಅಂಟಿಕೊಂಡ ಜಾಡ್ಯವಿದು. ತರಗತಿಯಲ್ಲಿ ಹೇಗೋ ನಡೆದುಹೋಗುತ್ತದೆ. ಅತ್ತೆಯ ಮುಂದೆ ನಡೆಯಲಿಲ್ಲ.

ತಳಕಲ್‌ನಿಂದ ಬಂದಿದ್ದ ಅತ್ತೆಗೆ ಸ್ವಲ್ಪ ಸುಸ್ತು ಅಂತ ರಕ್ತ ಪರೀಕ್ಷೆಗೆ ಕೊಟ್ಟೆವು. ಸಂಜೆ ಲ್ಯಾಬಿನವರು ನನ್ನ ಮೊಬೈಲಿಗೆ ಕಳಿಸಿದ ವರದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಪದವಿತ್ತು: ಕೊಯಾಗ್ಯುಲಮ್.

“ಏನ್ ಬಂದೈತ್ರಿ ಅಳಿಯಾರ?” ಅತ್ತೆ ಕೇಳಿದರು.

ನಾನು ಕನ್ನಡಕ ಏರಿಸಿ, “ಲ್ಯಾಟಿನ್ ಐತ್ರಿ ಅತ್ತಿ” ಎಂದೆ.

“ಲ್ಯಾಟಿನ್ನಂದ್ರ ದೊಡ್ಡದೇನ್ರಿ?”

“ಸಣ್ಣದಂತೂ ಅಲ್ರಿ.” ನಾನು ಹೇಳಿದ್ದು ಭಾಷೆಯ ಮಾತು.

ಅತ್ತೆ ಅಲ್ಲಿಯೇ ಹಾಸಿಗೆ ಹಿಡಿದರು. ಫೋನುಗಳು ಓಡಾಡಿದವು. ಬೆಳಗಾಗುವಷ್ಟರಲ್ಲಿ ಗಂಗಾವತಿಯ ಹಿರಿ ಮಗಳು ಎಳನೀರು ಹೊತ್ತು, ಕುಷ್ಟಗಿಯ ಕಿರಿ ಮಗಳು ಅಳುತ್ತಲೇ ಬಂದಿಳಿದರು. ಅತ್ತೆ ಕಿವಿಯ ಬೆಂಡೋಲೆ ಬಿಚ್ಚಿ ಹಿರಿಯವಳಿಗೂ, ಸರ ತೆಗೆದು ಕಿರಿಯವಳಿಗೂ ಕೊಟ್ಟರು. ನಡುವಿನವಳಾದ ನನ್ನ ಹೆಂಡತಿಯ ಪಾಲಿಗೆ ಬಂದದ್ದು, ಒದೆಯುವ ಎಮ್ಮೆ. ಅವಳು ನನ್ನತ್ತ ನೋಡಿದ ನೋಟವನ್ನು ನಾನಿಲ್ಲಿ ವರ್ಣಿಸುವುದಿಲ್ಲ.

ಅಡುಗೆಮನೆ ಸೇರಿ, ಬಾಗಿಲು ಹಾಕಿ, ಜೋಳದ ಚೀಲದ ಮೇಲೆ ಕುಳಿತು ಹಳೇ ನಿಘಂಟು ತೆಗೆದೆ. ಲ್ಯಾಟಿನ್ನಿನಲ್ಲಿ ಆ ಪದದ ಅರ್ಥ, ಹಾಲನ್ನು ಗಟ್ಟಿ ಮಾಡುವ ಹೆಪ್ಪು! ಅದರ ಬೇರು ಇನ್ನೂ ಹಿಂದಕ್ಕೆ ಹೋಗಿ, ದನಕರುಗಳನ್ನು ಒಂದೆಡೆ ಅಟ್ಟಿ ಕೂಡಿಸುವುದು ಎಂಬಲ್ಲಿ ನಿಂತಿತ್ತು. ಈಗ ವಿಜ್ಞಾನದವರು ಗಡ್ಡೆಕಟ್ಟಿದ ರಕ್ತಕ್ಕೂ ಹಾಗೇ ಅನ್ನುತ್ತಾರೆ. ನಾನು ಗೆದ್ದವನಂತೆ ಹೊರಬಂದು, “ಏನಿಲ್ರಿ ಅತ್ತಿ, ಹೆಪ್ಪು!” ಎಂದೆ.

ಅತ್ತೆ ಧಡಕ್ಕನೆ ಎದ್ದು ಕುಳಿತರು. “ನನ್ನ ರಕ್ತಕ್ಕ ಹೆಪ್ಪು ಹಾಕಿದವ್ರು ಯಾರು?” ಮೂವರು ಹೆಣ್ಣುಮಕ್ಕಳೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಇನ್ನು ಉಳಿಗಾಲವಿಲ್ಲವೆಂದು ಲ್ಯಾಬಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಹುಡುಗಿಯೊಬ್ಬಳು ಎತ್ತಿದಳು. “ರೋಗ ಅಲ್ರಿ ಸರ್. ಪರೀಕ್ಷೆ ಮಾಡೂದ್ರಾಗ ನಳಿಗ್ಯಾಗಿನ ರಕ್ತ ಹೆಪ್ಪುಗಟ್ಟಿತ್ತು. ಇನ್ನೊಮ್ಮೆ ಕೊಡ್ರಿ, ಅಷ್ಟ.”

ಅತ್ತೆ ಅದೇ ಕ್ಷಣ ಕೈ ಚಾಚಿ ಬೆಂಡೋಲೆಯನ್ನೂ ಸರವನ್ನೂ ವಾಪಸ್ ಇಸಿದುಕೊಂಡರು. ನಾನು ಅಲ್ಲಿಗೇ ಫೋನು ಇಡಬೇಕಿತ್ತು. ಆದರೆ ಮೇಷ್ಟ್ರ ನಾಲಿಗೆ. “ಕನ್ನಡದಾಗ ಬರೀಬೇಕಿಲ್ಲೇನವಾ? ಇಂಥಾ ಪದದ ಅರ್ಥ ಎಷ್ಟು ಮಂದಿಗೆ ಗೊತ್ತಿರ್ತೈತಿ?” ಎಂದು ಗದರಿದೆ.

“ನನಗೂ ಗೊತ್ತಿರಲಿಲ್ರಿ ಸರ್. ಒಂಬತ್ತನೇ ಕ್ಲಾಸಿನ್ಯಾಗ ನಿಮ್ಮನ್ನ ಕೇಳಿದ್ದೆ. ‘ಪರೀಕ್ಷಾಕ್ಕ ಬರಂಗಿಲ್ಲ, ಕುಂದರ್’ ಅಂದಿದ್ರಿ.”