ಪೂಜೆಗೆ ಕೂತ ಪುಸ್ತಕ

ಯಳವಿಯ ಕನ್ನಡ ಶಾಲೆಯ ಹೆಡ್‌ಮಾಸ್ತರ ಶ್ರೀಶೈಲಪ್ಪನವರು ಏನನ್ನಾದರೂ ಕೊಳ್ಳಲು ಹೊರಟರೆಂದರೆ ಅದೊಂದು ದಂಡಯಾತ್ರೆ. ಹಿಂದೊಮ್ಮೆ ಒಂದು ಛತ್ರಿಗಾಗಿ ಮೂರು ಊರಿನ ಅಂಗಡಿಗಳನ್ನು ಸುತ್ತಿ, ಹದಿನೇಳು ಛತ್ರಿ ಬಿಚ್ಚಿ ನೋಡಿ, ಹದಿನೆಂಟನೆಯದನ್ನು ಆರಿಸಿ ಮನೆಗೆ ತಂದಿದ್ದರು. ಅಷ್ಟರಲ್ಲಿ ಆ ವರ್ಷದ ಮಳೆಗಾಲ ಮುಗಿದಿತ್ತು.

ಅಂಥವರು ಎರಡು ಸಾವಿರದ ಒಂಬತ್ತರ ಶ್ರಾವಣದಲ್ಲಿ, ಪುಸ್ತಕ ಓದುವ ಯಂತ್ರವೊಂದನ್ನು ಕೊಳ್ಳುವುದಾಗಿ ಸಾರಿದರು.

"ಇಡೀ ಜತ್ತ ತಾಲೂಕಿನಾಗ ನನ್ನಂಗ ವಿಚಾರ ಮಾಡಿ ಆರಿಸಿದಾಂವ ಇನ್ನೊಬ್ಬ ಇರಬಾರದು, ನೋಡತಿರು" ಎಂದು ಹೆಂಡತಿ ಗುರವ್ವನ ಮುಂದೆ ಎದೆಯುಬ್ಬಿಸಿದರು. ಗುರವ್ವ ಸಜ್ಜೆ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ "ನೋಡತೀನ್ರಿ" ಎಂದಳು.

ಈ ಹಂಬಲಕ್ಕೊಂದು ಹಳೆಯ ಕಥೆಯಿತ್ತು. ಇಪ್ಪತ್ತೇಳು ವರ್ಷಗಳ ಹಿಂದೆ, ಮಾಸ್ತರಿಕೆಗೆ ಸೇರಿದ ಹೊಸತರಲ್ಲಿ, ಊರ ವಾಚನಾಲಯದ ಕಪಾಟಿನಲ್ಲಿ 'ಅತ್ತೆಯ ಸಂದೂಕ' ಎಂಬ ಹಳೇ ಕಾದಂಬರಿ ಅವರ ಕೈಗೆ ಸಿಕ್ಕಿತ್ತು. ಬಾಳವ್ವ ಎಂಬ ಸೊಸೆ, ಅವಳ ಘಟವಾಣಿ ಅತ್ತೆ, ಅತ್ತೆ ಯಾರಿಗೂ ಮುಟ್ಟಗೊಡದ ಒಂದು ಸಂದೂಕ. ಅತ್ತೆ ಸತ್ತ ಹದಿಮೂರನೆಯ ದಿನ ಬಾಳವ್ವ ಸಂದೂಕದ ಬೀಗ ತೆಗೆಯುತ್ತಾಳೆ, ಮುಚ್ಚಳ ಎತ್ತುತ್ತಾಳೆ, ಬಗ್ಗಿ ನೋಡುತ್ತಾಳೆ, ಅಲ್ಲಿಗೆ ಪುಸ್ತಕವೇ ಇಲ್ಲ! ಕೊನೆಯ ಮೂವತ್ತೊಂಬತ್ತು ಪುಟಗಳನ್ನು ಯಾವ ಪುಣ್ಯಾತ್ಮ ಶೇಂಗಾ ಕಟ್ಟಲು ಹರಿದುಕೊಂಡು ಹೋಗಿದ್ದನೋ.

ಅಂದಿನಿಂದ ಮಾಸ್ತರರಿಗೆ ನೆಮ್ಮದಿ ಇರಲಿಲ್ಲ. ಆ ಅರ್ಧಮರ್ಧ ಪುಸ್ತಕವನ್ನು ಹನ್ನೊಂದು ಸಲ ಓದಿದರು. ವಿಜಾಪುರದಲ್ಲಿ ಕೇಳಿದರು, ಧಾರವಾಡದಲ್ಲಿ ಕೇಳಿದರು, ಎಲ್ಲೂ ಸಿಗಲಿಲ್ಲ. ಸಂದೂಕದಲ್ಲಿ ಬಂಗಾರ ಇತ್ತೆಂದು ಕೆಲವು ವರ್ಷ ನಂಬಿದರು, ಹೊಲದ ಕಾಗದಪತ್ರ ಇತ್ತೆಂದು ಕೆಲವು ವರ್ಷ ನಂಬಿದರು. ಒಂದು ಬೇಸಿಗೆಯಲ್ಲಿ ಮೈಯಲ್ಲಿ ಜ್ವರವಿದ್ದಾಗ ಅದರೊಳಗೆ ಎಲುಬಿತ್ತು ಎಂದೂ ಹೇಳಿದ್ದರು. ಈಗ ಸೊಲ್ಲಾಪುರದ ಕನ್ನಡ ವಾಚನಾಲಯವೊಂದು ಹಳೇ ಪುಸ್ತಕಗಳ ಒಂದೊಂದು ಪುಟದ ಫೋಟೋ ಹಿಡಿದು, ಕಂಪ್ಯೂಟರಿನ ಮೂಲಕ ಎರವಲು ಕೊಡುತ್ತದೆಂದೂ, ಆ ಯಾದಿಯಲ್ಲಿ 'ಅತ್ತೆಯ ಸಂದೂಕ' ಸಂಪೂರ್ಣವಾಗಿ ಇದೆಯೆಂದೂ ಸುದ್ದಿ ಬಂದಿತ್ತು. ಅದನ್ನು ಕೇಳಿದ ದಿನ ಮಾಸ್ತರರು ಎರಡು ಸಲ ಸ್ನಾನ ಮಾಡಿದರು. ಏಕೆಂದು ಅವರಿಗೇ ಗೊತ್ತಿರಲಿಲ್ಲ.

ಒಂದೂವರೆ ತಿಂಗಳು ವಿಚಾರ ನಡೆಯಿತು. ಪೇಪರಿನ ತುಣುಕುಗಳು, ಜತ್ತಿನಿಂದ ಬಂದ ಹಾಳೆಗಳು, ಶಾಲೆಯ ಕರಿಹಲಗೆಯ ಮೇಲೆ ಎರಡು ಪಕ್ಷ. ಎಡಕ್ಕೆ ಟ್ಯಾಬ್ಲೆಟ್: ಒಳಗೆ ಬೆಳಕಿದೆ, ಬಣ್ಣವಿದೆ, ಆದರೆ ಮೂರು ತಾಸಿಗೆ ಬ್ಯಾಟರಿ ಪ್ರಾಣ ಬಿಡುತ್ತದೆ. ಬಲಕ್ಕೆ ಈ-ರೀಡರ್: ಬೆಳಕಿಲ್ಲ, ಬಣ್ಣವಿಲ್ಲ, ಆದರೆ ಒಮ್ಮೆ ಕರೆಂಟ್ ಕುಡಿಸಿದರೆ ಹದಿನೈದು ದಿನ ಉಪವಾಸ ಇರಬಲ್ಲದು. ಯಳವಿಯಲ್ಲಿ ಆಗ ದಿನಕ್ಕೆ ಹನ್ನೆರಡು ತಾಸು ಲೋಡ್ ಶೆಡ್ಡಿಂಗ್. ಆದರೂ ಮಾಸ್ತರರು ತೀರ್ಪನ್ನು ಕಾಯ್ದಿರಿಸಿ, ಒಂದು ಸೋಮವಾರ ರಜೆ ಹಾಕಿ ಹೊರಟರು.

"ಟ್ಯಾಬ್ಲೆಟ್ ನೋಡಾಕ ಜತ್ತಕ್ಕ ಹೊಂಟೀನಿ."

"ಯಾಕ್ರಿ, ಮೈಯಾಗ ಆರಾಮಿಲ್ಲೇನು?"

"ಏ, ಇದು ಓದೂ ಟ್ಯಾಬ್ಲೆಟ್."

"ಓದೂ ಚಟಕ್ಕೂ ಗುಳಿಗಿ ಬಂದಾವೇನ್ರಿ? ಹಂಗಾರ ಲಗೂನ ತಗೊಂಡ ಬರ್ರಿ" ಎಂದಳು ಗುರವ್ವ, ನಗು ಸೆರಗಿನಲ್ಲಿ ಮುಚ್ಚಿಕೊಂಡು.

ಜತ್ತಿನ ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟಿದ್ದ ಶೌಕತ ಮಾಸ್ತರರ ಹಳೆಯ ವಿದ್ಯಾರ್ಥಿ. ಪುಣೆಯ ತನ್ನ ಗುರುತಿನವರಿಂದ ಎರಡೂ ಯಂತ್ರಗಳನ್ನು ತರಿಸಿ ಮೇಜಿನ ಮೇಲೆ ಇಟ್ಟಿದ್ದ. ಟ್ಯಾಬ್ಲೆಟ್ಟನ್ನು ಎತ್ತಿದ ಮಾಸ್ತರರು, ಇದು ಶಾಲೆಯ ಗಂಟೆಗಿಂತ ಭಾರ ಇದೆ ಎಂದು ಇಳಿಸಿದರು. ಈ-ರೀಡರನ್ನು ಕೈಗೆತ್ತಿಕೊಂಡು ಕನ್ನಡಕ ಏರಿಸಿದರು. ಪರದೆಯ ತುಂಬ ಒಂದು ಹಕ್ಕಿಯ ಚಿತ್ರ, ಅಚ್ಚು ಹಾಕಿದಂತೆ. ಹೊಸ ವಸ್ತುವಿನ ಮೇಲೆ ಅಂಗಡಿಯವರು ಅಂಟಿಸುವ ಕಾಗದ ಇರಬೇಕೆಂದುಕೊಂಡು ಮೂಲೆಯಲ್ಲಿ ಉಗುರು ಹಾಕಿ ಕೀಳತೊಡಗಿದರು. ಬರಲಿಲ್ಲ. ಸ್ವಲ್ಪ ಉಗುಳು ಹಚ್ಚಿ ಮತ್ತೆ ಕೆರೆದರು.

ಶೌಕತ ಗಾಬರಿಯಾಗಿ ಅವರ ಕೈ ಹಿಡಿದ. "ಸರ, ಅದು ಕಾಗದ ಅಲ್ರಿ. ಅದ ಪರದೆರಿ" ಎಂದು ಬದಿಯ ಗುಂಡಿ ಒತ್ತಿದ. ಹಕ್ಕಿ ಹಾರಿಹೋಯಿತು. ಅದೇ ಜಾಗದಲ್ಲಿ ಕರಿ ಅಕ್ಷರಗಳು ಸಾಲಾಗಿ ಬಂದು ನಿಂತವು.

ಮಾಸ್ತರರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಬೆಳಕಿಲ್ಲ, ಹೊಳಪಿಲ್ಲ, ಬಿಸಿಲಿಗೆ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಇದರಲ್ಲಿ ಸಾವಿರ ಪುಸ್ತಕ ಹಿಡಿಯುತ್ತವೆ ಎಂದು ಶೌಕತ ಹೇಳಿದಾಗ, ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸಾವಿರ ಪುಸ್ತಕ ಹೊತ್ತ ವಸ್ತು ಮಕ್ಕಳು ಬರೆಯುವ ಪಾಟಿಗಿಂತ ಹಗುರ! ಒಂದೂವರೆ ತಿಂಗಳ ವಿಚಾರವೆಲ್ಲ ಅಲ್ಲೇ ಮುಗಿದು, ಇದೇ ಬೇಕು ಎಂದುಬಿಟ್ಟರು. ಶೌಕತ ತನ್ನ ಕಂಪ್ಯೂಟರಿನಿಂದ 'ಅತ್ತೆಯ ಸಂದೂಕ'ವನ್ನು ಅದರೊಳಗೆ ಇಳಿಸಿಕೊಟ್ಟು, ಎರವಲಿನ ಅವಧಿ ಹದಿನಾಲ್ಕು ದಿನ ಎಂದು ಎರಡು ಸಲ ಹೇಳಿದ. ಮಾಸ್ತರರು ಬೆರಳು ಮಡಚಿ ಎಣಿಸಿದರು. ಸೋಮವಾರ ತಂದದ್ದು, ಮಂಗಳವಾರಕ್ಕೆ ಒಂದು ದಿನ, ಬುಧವಾರಕ್ಕೆ ಎರಡು. ಹದಿನಾಲ್ಕನೆಯದು ಸರಿಯಾಗಿ ದಸರೆಯ ದಿನಕ್ಕೆ ಬರುತ್ತದೆ. ಅದೂ ಒಂದು ಶುಭಸೂಚನೆಯೇ ಎನಿಸಿತು.

ಯಂತ್ರ ಮನೆಗೆ ಬಂದ ದಿನ ಓಣಿಯೇ ಬಂತು. ಸಾವಿರ ಗ್ರಂಥ ಇದರೊಳಗೆ ಕೂರುತ್ತವೆ ಎಂದು ಮಾಸ್ತರರು ಹೇಳುತ್ತಲೇ, ಗುರವ್ವ ಮುಟ್ಟುವ ಮೊದಲು ಕೈ ತೊಳೆದುಕೊಂಡಳು. ಪಕ್ಕದ ಮನೆಯ ದುಂಡವ್ವ ಒಂದು ಹೆಜ್ಜೆ ಮುಂದೆ ಹೋಗಿ ಭಕ್ತಿಯಿಂದ ಹಣೆ ಹಚ್ಚಿದಳು. ಹಣೆ ಗುಂಡಿಗೆ ತಾಗಿ ಪುಟ ತಾನಾಗಿ ಮಗುಚಿತು. ದುಂಡವ್ವ ಮೂರು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು. ಮಾಸ್ತರರು ನಗಲಿಲ್ಲ, ಏಕೆಂದರೆ ಅವರಿಗೂ ಕೈ ಮುಗಿಯಬೇಕೆನಿಸಿತ್ತು.

ಓದು ಶುರುವಾಯಿತು. ಬೇರೆ ಯಾರಾದರೂ ಆಗಿದ್ದರೆ ನೇರವಾಗಿ ಕೊನೆಯ ಪುಟಗಳಿಗೆ ಹಾರುತ್ತಿದ್ದರು. ಮಾಸ್ತರರು ಅಂಥ ಹಗುರ ಮನುಷ್ಯರಲ್ಲ. ದಿನಕ್ಕೆ ಇಪ್ಪತ್ತೊಂದು ಪುಟ, ಶಾಲೆಯಿಂದ ಬಂದ ಮೇಲೆ, ಕಟ್ಟೆಯ ಮೇಲೆ, ಸಂಜೆಯ ಬೆಳಕಿನಲ್ಲಿ. ಹದಿಮೂರು ದಿನಕ್ಕೆ ಇನ್ನೂರ ಎಪ್ಪತ್ಮೂರು. ಶನಿವಾರ ಸಂಜೆ ಬಾಳವ್ವ ಬೀಗ ತೆಗೆದಳು, ಮುಚ್ಚಳ ಎತ್ತಿದಳು, ಬಗ್ಗಿ ನೋಡಿದಳು. ಮುಂದಿನ ಪುಟ ಇತ್ತು! ಒಂದು ಗುಂಡಿ ಒತ್ತಿದರೆ ಸಾಕು. ಮಾಸ್ತರರು ಹೆಬ್ಬೆರಳನ್ನು ಗುಂಡಿಯಿಂದ ಎತ್ತಿಬಿಟ್ಟರು. ಇಪ್ಪತ್ತೇಳು ವರ್ಷ ಕಾದದ್ದನ್ನು ಹೀಗೆ ಕಟ್ಟೆಯ ಮೇಲೆ, ಎಮ್ಮೆಗಳು ಹಾಯುವ ಹೊತ್ತಿನಲ್ಲಿ ಮುಗಿಸುವುದೇ? ದಸರೆಯ ದಿನ ಹೋಳಿಗೆ ಉಂಡು, ಬನ್ನಿ ಎಲೆ ಕೊಟ್ಟು, ಮಡಿ ಧೋತರ ಉಟ್ಟು ಓದುವುದೆಂದು ನಿಶ್ಚಯಿಸಿ ಯಂತ್ರ ಮುಚ್ಚಿದರು.

ಮರುದಿನ ಖಂಡೇನವಮಿ, ಆಯುಧಪೂಜೆ. ಗುರವ್ವ ಬೆಳಿಗ್ಗೆಯೇ ಜಗಲಿ ಸಾರಿಸಿ ಕುಡಗೋಲು, ಕುರ್ಪಿ, ಹೊಲಿಗೆ ಮಷಿನಿನ ಕತ್ತರಿ, ಈಳಿಗೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದಳು. ಈ-ರೀಡರಿನ ಮುಂದೆ ನಿಂತು ಅನುಮಾನಿಸಿದಳು.

"ರೀ, ಇದು ಪುಸ್ತಕೇನೋ, ಮಷಿನೇನೋ? ಪೂಜಿಗಿ ಇಡೂದೋ, ಬ್ಯಾಡೋ?"

ಮಾಸ್ತರರು ಪೇಪರಿನ ಹಿಂದಿನಿಂದಲೇ ಅಪ್ಪಣೆ ಕೊಡಿಸಿದರು. "ಇದಕ್ಕಿಂತ ದೊಡ್ಡ ಆಯುಧ ಯಾವುದೈತಿ? ಎಲ್ಲಾಕ್ಕಿಂತ ಮೊದಲ ಅದನ್ನ ಇಡು."

ಸರಿ, ಯಂತ್ರ ಜಗಲಿ ಏರಿತು. ವಿಭೂತಿ ಬಂತು, ಕುಂಕುಮ ಬಂತು, ನೆತ್ತಿಯ ಮೇಲೆ ಒಂದು ಚೆಂಡುಹೂವು ಬಂತು. ಪೂಜೆಗೆ ಕೂತ ವಸ್ತುವನ್ನು ಮರುದಿನ ಬನ್ನಿ ಆಗುವವರೆಗೆ ಅಲುಗಿಸುವಂತಿಲ್ಲ. ಮಾಸ್ತರರು ದಿನವಿಡೀ ಹೋಗುತ್ತ ಬರುತ್ತ ಅದನ್ನು ನೋಡಿ ಸಂತೋಷಪಟ್ಟರು.

ದಸರೆಯ ಸಂಜೆ, ಊರಿಗೆಲ್ಲ ಬನ್ನಿ ಕೊಟ್ಟು ಬಂದು, ಕಾಲು ತೊಳೆದು, ಮಡಿ ಧೋತರ ಉಟ್ಟು ಮಾಸ್ತರರು ಜಗಲಿಯ ಮುಂದೆ ಕೂತರು. ಹೂವು ತೆಗೆದರು, ಕುಂಕುಮ ಒರೆಸಿದರು, ಗುಂಡಿ ಒತ್ತಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಬಂತು. ಎರವಲಿನ ಅವಧಿ ಮುಗಿದಿದೆ, ಪುಸ್ತಕ ಹಿಂದಿರುಗಿದೆ, ಧನ್ಯವಾದಗಳು.

ಮಾಸ್ತರರು ಯಂತ್ರವನ್ನು ಅಲುಗಾಡಿಸಿದರು. ಕೆಳಗೆ ಬಿದ್ದಿದೆಯೇನೋ ಎಂಬಂತೆ ಜಗಲಿಯ ಸಂದಿಯಲ್ಲೂ ನೋಡಿದರು. ಆಮೇಲೆ ಶೌಕತನಿಗೆ ಫೋನ್ ಹಚ್ಚಿದರು. ಪುಸ್ತಕ ಇಳಿಸಿದ ಸೋಮವಾರವನ್ನೂ ಯಂತ್ರ ಒಂದು ದಿನವೆಂದು ಹಿಡಿಯುತ್ತದೆ, ಹದಿನಾಲ್ಕು ದಿನ ನಿನ್ನೆಗೇ ತುಂಬಿತು ಎಂದು ಅವನು ಮೆಲ್ಲಗೆ ತಿಳಿಸಿದ.

"ಯಾರ ಬಂದ ಒಯ್ದರು?"

"ಯಾರೂ ಒಯ್ಯೂದಿಲ್ರಿ ಸರ. ತಾನ ಹೋಗತೈತಿ."

"ಹಂಗಾರ ಮತ್ತ ತಂದಕೊಡು."

ಸ್ವಲ್ಪ ಹೊತ್ತು ಕಂಪ್ಯೂಟರಿನ ಗುಂಡಿಗಳ ಸದ್ದು ಕೇಳಿತು. "ಈಗ ಇನ್ನೊಬ್ಬರು ತಗೊಂಡಾರ್ರಿ. ಅವರ ಹಿಂದ ಎಂಟ ಮಂದಿ ಪಾಳಿ ಹಚ್ಯಾರ. ಸಂಕ್ರಮಣ ದಾಟತೈತ್ರಿ."

ಮೈಯೇ ಇಲ್ಲದ ಪುಸ್ತಕ ಒಬ್ಬರ ಹತ್ತಿರ ಇದ್ದರೆ ಇನ್ನೊಬ್ಬರ ಹತ್ತಿರ ಏಕೆ ಇರಬಾರದು ಎಂದು ಮಾಸ್ತರರು ತರ್ಕ ಹೂಡಿದರು. ಶೌಕತ ಅದು ಕಾಯ್ದೆ ಎಂದ. ಕಾಯ್ದೆಯ ಮುಂದೆ ಯಾವ ಮಾಸ್ತರನ ತರ್ಕ ನಡೆದೀತು?

ಬನ್ನಿ ಕೊಡಲು ಬಂದ ದುಂಡವ್ವ ಜಗಲಿಯನ್ನು ಕೂಲಂಕಷವಾಗಿ ಪರೀಕ್ಷಿಸಿದಳು. ಮಾಸ್ತರರು ತೆಗೆಯುವ ಮೊದಲು ಹೂವು ಅಲುಗಿತ್ತೇ? ಇಲ್ಲ. ಕುಂಕುಮ ಕದಡಿತ್ತೇ? ಇಲ್ಲ. ಹಾಗಾದರೆ ಗುಡ್ಡಾಪುರದ ದೇವಿ ದಾನಮ್ಮತಾಯಿಯೇ ಓದಲು ಒಯ್ದಿದ್ದಾಳೆ ಎಂದು ತೀರ್ಮಾನ ಕೊಟ್ಟಳು. ಹೊತ್ತು ಮುಳುಗುವುದರೊಳಗೆ ಆರೇಳು ಹೆಂಗಸರು ಬಂದು ಬರಿದಾದ ಯಂತ್ರಕ್ಕೆ ನಮಸ್ಕಾರ ಮಾಡಿ ಹೋದರು. ಹಾಗೆ ಹೂವಿನಡಿಯಿಂದ ಸದ್ದಿಲ್ಲದೆ ಎದ್ದುಹೋದ ಪುಸ್ತಕವನ್ನು ನೆನೆದು ಮಾಸ್ತರರಿಗೂ ಮೈ ಜುಮ್ಮೆಂದಿತು. ದುಃಖವೂ ಅಷ್ಟೇ ಆಯಿತು.

ಎಲ್ಲರೂ ಹೋದ ಮೇಲೆ ಗುರವ್ವ ತಾಟು ಇಟ್ಟಳು. ಮಾಸ್ತರರು ಹೋಳಿಗೆಯತ್ತ ನೋಡಲಿಲ್ಲ.

"ಆ ಸಂದೂಕದಾಗ ಏನಿತ್ತಂತ ತಿಳಕೊಂಡ ಸಾಯಬೇಕಂತಿದ್ದೆ, ಗುರವ್ವ."

"ಕೌದಿ ಇತ್ರಿ" ಎಂದಳು ಗುರವ್ವ, ತುಪ್ಪ ಬಡಿಸುತ್ತ.

"ಯಾರ ಹೇಳಿದರು ನಿನಗ?"

"ಯಾರ ಯಾಕ ಹೇಳಬೇಕ್ರಿ? ನಾನ ಓದೀನಿ."

ಮಾಸ್ತರರು ಸಾಲಿಗೆ ಹೋದ ಮೇಲೆ, ಮಧ್ಯಾಹ್ನದ ಕೆಲಸ ತೀರಿಸಿ, ಐದು ದಿನದಲ್ಲಿ ಮುಗಿಸಿದ್ದಳಂತೆ. ಓದಿದ ಮೇಲೆ ಗಂಡ ಬಿಟ್ಟಿದ್ದ ಪುಟಕ್ಕೇ ತಂದು ಇಡುತ್ತಿದ್ದಳಂತೆ. ಗುಂಡಿ ಯಾವುದು, ಅಕ್ಷರ ದೊಡ್ಡದು ಮಾಡುವುದು ಹೇಗೆ ಎಂದು ಯಾರನ್ನೂ ಕೇಳಿರಲಿಲ್ಲ. ಗಂಡನಿಗೆ ಓದುವ ಸಂತೋಷ ಕೆಡಬಾರದೆಂದು ಬಾಯಿ ಬಿಟ್ಟಿರಲಿಲ್ಲ. ಮಾಸ್ತರರು ಹೆಂಡತಿಯನ್ನು ಕಣ್ಣು ಬಿಟ್ಟು ನೋಡಿದರು. ಗುಡ್ಡಾಪುರದ ಸಾಲಿಯಲ್ಲಿ ಆರನೇ ಕ್ಲಾಸಿನವರೆಗೆ ಕಲಿತ ಈ ಹೆಂಗಸು ಕ್ಯಾಲೆಂಡರ್ ಬಿಟ್ಟು ಬೇರೇನಾದರೂ ಓದುತ್ತಾಳೆಯೇ ಎಂದು ಇಷ್ಟು ವರ್ಷಗಳಲ್ಲಿ ಒಂದು ದಿನವೂ ಅವರು ಕೇಳಿರಲಿಲ್ಲ. ಸಾವಿರ ಪುಸ್ತಕದ ಯಂತ್ರ ಕಂಡಾಗಲೂ ಅವರು ಇಷ್ಟು ಬೆರಗಾಗಿರಲಿಲ್ಲ.

ಆದರೂ ಇಪ್ಪತ್ತೇಳು ವರ್ಷದ ಬಂಗಾರ, ಕಾಗದಪತ್ರ, ಎಲುಬು ಎಲ್ಲ ಒಮ್ಮೆಗೇ ಮಣ್ಣುಪಾಲಾದದ್ದನ್ನು ಅವರಿಂದ ತಾಳಲಾಗಲಿಲ್ಲ. "ಬರೇ ಚಿಂದಿ ಹೊಲದ ಕೌದಿ?" ಎಂದರು.

ಗುರವ್ವ ತುಪ್ಪದ ಮಿಳ್ಳಿ ಕೆಳಗಿಟ್ಟಳು.

"ಬರೇ ಅಂತೀರಲ್ರಿ. ಬಾಳವ್ವ ಗಂಡನ ಮನಿಗಿ ನಡೀಲಿಕ್ಕೆ ಬಂದ ಹೊಸದರಾಗ, ಅತ್ತಿ ಸಿಟ್ಟೀಲೆ ಆಕಿ ಲಗ್ನದ ಹಸರ ಸೀರಿ ಮಂದಿ ಮುಂದ ಹರದ ಒಗದಿದ್ದಳಲ್ಲ, ಪುಸ್ತಕದ ಸುರುವಿಗೇ? ಅದರ ಒಂದ ಚೂರೂ ಬಿಡದ ಅತ್ತಿನೇ ಆರಿಸಿ ಇಟಗೊಂಡಿದ್ದಳು. ಎಲ್ಲಾ ಕೂಡಿಸಿ ಕೌದಿ ನಡುವ ಹೊಲದಿದ್ದಳು. ಸಣ್ಣ ಸಣ್ಣ ಹೊಲಿಗಿ. ಸಾಯೂತನಕಾ ಬಾಯಿ ಬಿಟ್ಟ ತಪ್ಪಾತು ಅನ್ನಲಿಲ್ಲ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾಸ್ತರರು ನೆನಪಿನಲ್ಲಿ ತಡಕಾಡಿದರು. ಹನ್ನೊಂದು ಸಲ ಓದಿದ್ದರು, ಇದು ಹನ್ನೆರಡನೆಯದು. ಸಂದೂಕದ ಉದ್ದ ಗೊತ್ತಿತ್ತು, ಅಗಲ ಗೊತ್ತಿತ್ತು, ಅದಕ್ಕೆ ಎಷ್ಟು ಹಿತ್ತಾಳೆಯ ಮೊಳೆ ಹೊಡೆದಿದ್ದರೆಂಬುದೂ ಗೊತ್ತಿತ್ತು.

"ಯಾವ ಸೀರಿ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಗುರವ್ವ ಅವರ ಎದುರಿಗೆ ಕೂತಳು.

"ಸಮಾಧಾನಲೆ ಕುಂದ್ರಿ. ಮೊದಲಿಂದ ಹೇಳತೀನಿ. ನಡುವ ಬಾಯಿ ಹಾಕಬ್ಯಾಡ್ರಿ."

ಯಳವಿಯ ಹೆಡ್‌ಮಾಸ್ತರರು ತಾಟು ಬದಿಗೆ ಸರಿಸಿ, ಕೈ ಕಟ್ಟಿಕೊಂಡು ಕೂತರು.