ದೊಡ್ಡವ್ವ ಜಿಮ್ ಸೇರಿದ್ದು

ನಮ್ಮ ದೊಡ್ಡವ್ವ ಜಿಮ್ಮಿಗೆ ಸೇರಿದ್ದು ಮೂರೇ ದಿನ. ನಾಲ್ಕನೆಯ ದಿನದಿಂದ ಜಿಮ್ಮೇ ದೊಡ್ಡವ್ವನಿಗೆ ಸೇರಿತು! ಉತ್ಪ್ರೇಕ್ಷೆ ಅನ್ನುತ್ತೀರಾ? ಗಡಿಯಾಚೆಯ ನಮ್ಮ ನಾರಾಯಣಪೇಟೆಗೆ ಬಂದು ಯಾರನ್ನಾದರೂ ಕೇಳಿ. "ಆ ಮುದುಕಿ ಜಿಮ್ ಎಲ್ಲೈತ್ರಿ?" ಅಂದರೆ ಸಾಕು, ಆಟೋದವರು ನೇರ ಮೆಟ್ಟಿಲ ಬುಡಕ್ಕೆ ತಂದು ಇಳಿಸುತ್ತಾರೆ. ಮಾಲೀಕರು ಅಷ್ಟು ಖರ್ಚು ಮಾಡಿ ಹಾಕಿಸಿದ ಇಂಗ್ಲಿಷ್ ಬೋರ್ಡನ್ನು ಈಗ ಯಾರೂ ಓದುವುದಿಲ್ಲ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ನಾರ್ವ ಕಡೆಯ ಕುರಿಗಾರರ ಮನೆ ಮಗಳು. ವಯಸ್ಸು ಆಧಾರ್ ಕಾರ್ಡಿನಲ್ಲಿ ಅರವತ್ತೆಂಟು, ಆಕೆಯ ಬಾಯಲ್ಲಿ ಎಪ್ಪತ್ತೆರಡು, ನಿಜ ಏನೆಂದು ಮನೆದೇವರು ಬೀರಪ್ಪನಿಗೇ ಗೊತ್ತು. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ನಮ್ಮವ್ವ ತೀರಿಕೊಂಡಾಗ ನನಗೆ ಇಪ್ಪತ್ತೆರಡು. ತಿಥಿ ಮುಗಿದ ಮರುದಿನ ಒಂದು ಕಂಬಳಿ, ಒಂದು ಟ್ರಂಕು ಹಿಡಿದು ಬಂದಳು. "ನಿನ್ನ ಲಗ್ನ ಆಗೂತನಕ ಇರತೀನಿ" ಅಂದಳು. ಲಗ್ನವೂ ಆಯಿತು, ಕಂಬಳಿ ಮತ್ತು ಟ್ರಂಕು ನನ್ನ ಹಿಂದೆಯೇ ಗಂಡನ ಮನೆಗೂ ಬಂದವು. ನಮ್ಮ ಮನೆಯವರು ಪಾಪ, ಹೆಂಡತಿ, ಅತ್ತೆ ಇಬ್ಬರನ್ನೂ ಒಂದೇ ಮುಹೂರ್ತದಲ್ಲಿ ಪಡೆದ ಅದೃಷ್ಟವಂತರು!

ನನಗೆ ತಹಶೀಲ್ ಕಚೇರಿಯಲ್ಲಿ ಪಹಣಿ ನೋಡುವ ಕೆಲಸ. ಎಂಟು ತಾಸು ಕುರ್ಚಿ. ಎದ್ದರೆ ಚಹಾಕ್ಕೆ, ಕೂತರೆ ಮಿರ್ಚಿ ಭಜಿಗೆ. ಹೀಗಿರುವಾಗ ತಲೆ ತಿರುಗಿತೆಂದು ರಾಯಚೂರಿನ ಡಾಕ್ಟರ ಹತ್ತಿರ ಹೋದೆವು. ಶುಗರ್ ಇತ್ತು, ಬಿಪಿ ಇತ್ತು, ಇರಬಾರದ್ದೆಲ್ಲ ಇತ್ತು. ಡಾಕ್ಟರು ಕೇಳಿದರು, "ತಾಯಿಯವರು?"

"ಹೃದಯಾಘಾತದಿಂದ ಹೋದರು ಸರ್."

"ಯಾವ ವಯಸ್ಸಿಗೆ?"

"ನಲವತ್ತೈದು."

"ನಿಮಗೀಗ?"

"ನಲವತ್ನಾಲ್ಕು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಕನ್ನಡಕ ತೆಗೆದರೆ ಒಳ್ಳೆಯದಲ್ಲ ಅಂತ ನನಗೆ ಆಗಲೇ ಗೊತ್ತಾಯಿತು. "ಮೂರು ತಿಂಗಳು ಕೊಡ್ತೀನಿ. ಮಾತ್ರೆ ತಗೊಳ್ಳಿ, ಬಾಯಿ ಕಟ್ಟಿ, ದಿನಾ ಬೆವರು ಸುರಿಸಿ. ಆಗಲೂ ಇಳೀಲಿಲ್ಲ ಅಂದ್ರೆ ಹೈದರಾಬಾದಿಗೆ ಕಳಿಸಬೇಕಾಗುತ್ತೆ" ಅಂದರು. ಪಕ್ಕದಲ್ಲಿ ಕೂತ ದೊಡ್ಡವ್ವ ಒಂದು ಮಾತೂ ಆಡಲಿಲ್ಲ. ಬಸ್ಸು ಹತ್ತಿದರೂ ಇಲ್ಲ, ಕೃಷ್ಣಾ ಹೊಳೆ ದಾಟಿದರೂ ಇಲ್ಲ. ನನಗೆ ಶುಗರ್‌ಗಿಂತ ದೊಡ್ಡ ಆಘಾತ ಅದೇ! ಮಕ್ತಲ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಬಾಯಿ ಬಿಟ್ಟಳು.

"ನಾಳಿಂದ ಇಬ್ಬರೂ ಜಿಮ್ಮಿಗೆ ಹೋಗೂದು."

"ಇಬ್ಬರೂ? ದೊಡ್ಡವ್ವಾ, ಶುಗರ್ ನನಗ ಬಂದೈತಿ!"

"ಗೊತ್ತೈತಿ. ನಿನ್ನ ಒಬ್ಬಾಕಿನ್ನ ಕಳಿಸಿದರ ಬಜಾರದಾಗ ಭಜಿ ತಿಂದು, ಮುಖಕ್ಕ ನೀರು ಹೊಡಕೊಂಡು, ಬೆವತು ಬಂದೀನಿ ಅಂತೀ. ನಾ ನಿನ್ನ ಅರಿಯೆನೇನು?"

ನಾನು ದಂಗಾದೆ. ಏಕೆಂದರೆ ಆಗತಾನೆ ನಾನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಯೋಜನೆ ಅದೇ ಆಗಿತ್ತು, ನೀರು ಹೊಡೆದುಕೊಳ್ಳುವುದೂ ಸೇರಿ.

ನಮ್ಮ ಊರಿನ ಜಿಮ್ಮು ಒಂದು ಸೀರೆ ಅಂಗಡಿಯ ಮೇಲಿನ ಅಂತಸ್ತಿನಲ್ಲಿದೆ. ಬೆಳಿಗ್ಗೆ ಆರಕ್ಕೆ ಹೆಂಗಸರ ಬ್ಯಾಚು, ಹೊಸಬರಿಗೇ ಅಂತ. ಕಲಿಸುವವಳು ಸ್ರವಂತಿ, ಗದ್ವಾಲದ ಕಡೆಯಿಂದ ಬಂದ ಇಪ್ಪತ್ತಾರರ ಹುಡುಗಿ. ಅರ್ಧ ತೆಲುಗು, ಅರ್ಧ ಕನ್ನಡ. ಮೊದಲ ದಿನ ನಾನು ಮಗಳ ಟೀ ಶರ್ಟಿನಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ದೊಡ್ಡವ್ವ ಸೀರೆಯನ್ನು ಕಚ್ಚೆ ಹಾಕಿ, ಸೊಂಟಕ್ಕೆ ಭಂಡಾರದ ಚೀಲ ಸಿಕ್ಕಿಸಿಕೊಂಡು, ಬಾಗಿಲಲ್ಲೇ ನಿಂತು ಎಲ್ಲರ ಕಾಲು ನೋಡಿದಳು. ಒಂಬತ್ತು ಹೆಂಗಸರು, ಒಂಬತ್ತು ಜೊತೆ ಹೊಸ ಬೂಟು.

"ದುಡಿಯೂ ಜಾಗಕ್ಕ ಕೆರ ಹಾಕ್ಕೊಂಡು ಬರತಾರೇನವ್ವಾ? ಬಿಡ್ರಿ ಹೊರಗ!"

ಅಷ್ಟೇ ಅಂದದ್ದು. ಒಂಬತ್ತೂ ಜೊತೆ ಮೆಟ್ಟಿಲ ಮೇಲೆ ಸಾಲಾಗಿ ಹೋಗಿ ಕೂತವು. ಅವುಗಳ ಪಕ್ಕ ಹತ್ತನೆಯ ಜೊತೆ, ಸ್ರವಂತಿಯದು!

ಇಷ್ಟಕ್ಕೇ ಮುಗಿದಿದ್ದರೆ ನಾನು ಬದುಕುತ್ತಿದ್ದೆ. ನಮ್ಮವರಲ್ಲಿ ಯಾವುದೇ ಕೆಲಸಕ್ಕೆ ಕೈ ಹಾಕುವ ಮೊದಲು ಮೈಲಾರಲಿಂಗನ ಹೆಸರಲ್ಲಿ ಭಂಡಾರ ಹಾರಿಸುವುದು ಪದ್ಧತಿ. ಭಂಡಾರ ಅಂದರೆ ಅರಿಷಿಣದ ಪುಡಿ, ಗೊತ್ತಲ್ಲ? ದೊಡ್ಡವ್ವ ಚೀಲಕ್ಕೆ ಕೈ ಹಾಕಿ ಒಂದು ಬೊಗಸೆ ತೆಗೆದು, "ಏಳುಕೋಟಿ ಏಳುಕೋಟಿಗೋ!" ಅಂತ ಕೂಗಿ ಮೇಲಕ್ಕೆಸೆದಳು. ಅದೇ ಗಳಿಗೆಗೆ ಸ್ರವಂತಿ ಗೋಡೆ ಪಕ್ಕದ ದೊಡ್ಡ ಫ್ಯಾನಿನ ಬಟನ್ ಒತ್ತಬೇಕೇ? ಒತ್ತಿದಳು. ಒಂದು ನಿಮಿಷ ಯಾರಿಗೆ ಯಾರೂ ಕಾಣಲಿಲ್ಲ. ಕಣ್ಣೊರೆಸಿಕೊಂಡು ನೋಡುತ್ತೇನೆ, ಕನ್ನಡಿ ಹಳದಿ, ಮಷೀನು ಹಳದಿ, ಒಂಬತ್ತು ಹೆಂಗಸರೂ ಹಳದಿ! ಮದುವೆ ಮನೆಯಲ್ಲೂ ಇಷ್ಟು ಅರಿಷಿಣ ಹಚ್ಚುವುದಿಲ್ಲ.

"ಅಮ್ಮಾ, ಇದೇಂದಮ್ಮಾ!" ಅಂತ ಸ್ರವಂತಿ ಚೀರಿದಳು.

"ಅಂಜಬ್ಯಾಡ ತಂಗಿ. ಇನ್ನ ನಿನ್ನ ಮಷೀನಿಗೆ ಯಾರ ದಿಷ್ಟೀನೂ ತಾಗಂಗಿಲ್ಲ" ಅಂದಳು ದೊಡ್ಡವ್ವ, ದೊಡ್ಡ ಉಪಕಾರ ಮಾಡಿದವಳ ಹಾಗೆ.

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಮೊದಲ ಮಹಡಿಯ ನೆಲ, ಬಿರಿದಿದ್ದರೂ ಸೀರೆ ಅಂಗಡಿಯಲ್ಲೇ ಬೀಳುತ್ತಿದ್ದೆ, ಆ ಮಾತು ಬೇರೆ.

ಮರುದಿನ ಕೂತೇಳುವ ಕಸರತ್ತು. ಸ್ರವಂತಿ "ವನ್" ಅಂತ ಶುರು ಮಾಡಿದ್ದೇ ತಡ, ದೊಡ್ಡವ್ವ ಕೈ ಎತ್ತಿದಳು.

"ನಿಂದ್ರು ತಂಗಿ. ಕಣದಾಗ ರಾಶಿ ಅಳಿಯುವಾಗ ಮೊದಲನೇ ಸೇರಿಗೆ ಒಂದು ಅಂತಾರೇನು? ಲಾಭ ಅಂತಾರ. ಒಂದು ಅಂದರ ಒಂದಕ್ಕ ನಿಂತುಬಿಡತೈತಿ, ಮುಂದ ಬೆಳ್ಯಂಗಿಲ್ಲ."

ಈ ಹುಡುಗಿ ಈಗ ಸಿಟ್ಟಾಗುತ್ತಾಳೆ, ನಮ್ಮನ್ನು ಹೊರಗೆ ಹಾಕುತ್ತಾಳೆ, ನಾನು ಮನೆಗೆ ಹೋಗಿ ಮಲಗುತ್ತೇನೆ ಅಂತ ನಾನು ಆಸೆಯಿಂದ ಕಾದೆ. ಆಕೆಯೋ ಕಣ್ಣರಳಿಸಿದಳು. "ಮಾ ನಾಯನ ಕೂಡಾ ಲಾಭಂ ಅನೇ ಅಂಟಡು! ಗಟ್ಟು ಹತ್ರ ನಮ್ಮೂರು. ಜ್ವಾಳ ಅಳಿಯುವಾಗ ನಮ್ಮ ಅಪ್ಪನೂ ಹಂಗೇ ಅಂತಾನ್ರೀ!" ಮುಗಿಯಿತು. ಅಂದಿನಿಂದ ನಮ್ಮ ಬ್ಯಾಚಿನಲ್ಲಿ "ಲಾಭ, ಎರಡು, ಮೂರು" ಅನ್ನುವುದೇ ಎಣಿಕೆ. ಮೈ ಇಳಿಸಲು ಬಂದ ಒಂಬತ್ತು ಹೆಂಗಸರು ಪ್ರತಿ ಸಲ ಕೂರುವಾಗ "ಲಾಭ!" ಅಂತ ಒಕ್ಕೊರಲಿನಿಂದ ಕೂಗುವುದನ್ನು ನೀವು ಕೇಳಬೇಕು. ಕೆಳಗಿನ ಸೀರೆ ಅಂಗಡಿಯವರಂತೂ ಶುಭಶಕುನವೆಂದು ಆ ಹೊತ್ತಿಗೇ ಕದ ತೆಗೆಯತೊಡಗಿದರು.

ಇನ್ನು ಕುಣಿತದ ಕ್ಲಾಸು. ಅದರ ಹೆಸರು ಜುಂಬಾ. ಹಾಡು ಹಾಕುತ್ತಾರೆ, ಎಲ್ಲರೂ ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ, ಒಂದು ಸುತ್ತು. ಕೇಳಲು ಸುಲಭ. ಎಲ್ಲರೂ ಎಡಕ್ಕೆ ಹೋದಾಗ ನಾನು ಬಲಕ್ಕೆ ಹೋದೆ. ಎಲ್ಲರೂ ಸುತ್ತಿದಾಗ ನಾನು ನಿಂತೆ. ಎಲ್ಲರೂ ನಿಂತಾಗ ನಾನು ಸುತ್ತಿದೆ. ಸುತ್ತಿದ ರಭಸಕ್ಕೆ ಪಕ್ಕದ ಟೀಚರಮ್ಮನ ಮೂಗಿಗೆ ನನ್ನ ಮೊಣಕೈ ತಾಗಿತು. ನಾಚಿಕೆಯಿಂದ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದೆ. ದೊಡ್ಡವ್ವ ಬಂದವಳೇ ನನ್ನ ದುಪಟ್ಟಾದ ತುದಿಯನ್ನು ಎಳೆದು ತನ್ನ ಸೊಂಟಕ್ಕೆ ಬಿಗಿದಳು. ಗಂಟು, ಅದರ ಮೇಲೆ ಇನ್ನೊಂದು ಗಂಟು!

"ಏನ್ ಮಾಡಾಕತ್ತಿ ದೊಡ್ಡವ್ವಾ! ಮಂದಿ ನೋಡಾಕತ್ತಾರ!"

"ಮಂದ್ಯಾಗ ಮರಿ ದಾರಿ ತಪ್ಪಿದರ ಹಿಂಗ ದೊಡ್ಡ ಕುರಿಗೆ ಕಟ್ಟತಾರ. ಅದು ಹೋದಲ್ಲಿ ಇದು ಹೋಗತೈತಿ. ಸುಮ್ಮಕ ಬಾ."

ಆ ದೊಡ್ಡ ಕುರಿ ಎಡಕ್ಕೆ ನೆಗೆದರೆ ನಾನು ಎಡಕ್ಕೆ, ಬಲಕ್ಕೆ ನೆಗೆದರೆ ಬಲಕ್ಕೆ. ಎಪ್ಪತ್ತೆರಡರ ಮುದುಕಿ, ಆಯಾಸವೇ ಇಲ್ಲ! ನಲವತ್ನಾಲ್ಕರ ನನಗೆ ನಾಲಿಗೆ ಹೊರಗೆ ಬಂದಿತ್ತು. ಒಂದು ವಾರ ಹಾಗೆ ಕಟ್ಟಿಸಿಕೊಂಡೇ ಕುಣಿದೆ, ಎರಡನೆಯ ವಾರಕ್ಕೆ ಹೆಜ್ಜೆ ಬಂತು. ಬಂತು ಅನ್ನುವುದಕ್ಕಿಂತ, ಬರದಿದ್ದರೆ ಬಿಡುವವರು ಯಾರು?

ಒಂದು ದಿನ ಮಾತ್ರ ತಪ್ಪಿಸಿಕೊಂಡೆ. "ದಫ್ತರದಾಗ ಅರ್ಜೆಂಟ್ ಕೆಲಸ ಐತಿ" ಅಂತ ಸುಳ್ಳು ಹೇಳಿ ಬೆಳಿಗ್ಗೆಯೇ ಮನೆ ಬಿಟ್ಟೆ. ಹನ್ನೊಂದು ಗಂಟೆಗೆ ಪಹಣಿಯಿಂದ ತಲೆ ಎತ್ತಿ ನೋಡುತ್ತೇನೆ, ಸಾಹೇಬರ ಮೇಜಿನ ಮುಂದೆ ದೊಡ್ಡವ್ವ. ಕೈಯಲ್ಲಿ ಸಂತೆ ಚೀಲ. ಸಾಹೇಬರು ಯಾವುದೋ ಹೊಲದ ತಕರಾರು ಅಂದುಕೊಂಡು ಕೇಳಿದರು.

"ಅರ್ಜಿ ತಂದೀರೇನಮ್ಮಾ?"

"ಅರ್ಜಿ ಅಲ್ರಿ ಸಾಹೇಬ್ರ, ಡಂಬಲ್ಸ್ ತಂದೀನಿ."

ಇಡೀ ಕಚೇರಿ ಕುರ್ಚಿ ತಿರುಗಿಸಿ ಕೂತಿತು. ದೊಡ್ಡವ್ವ ಮುಂದುವರಿಸಿದಳು, "ನಮ್ಮ ಹುಡುಗಿ ಇವತ್ತ ಜಿಮ್ಮಿಗೆ ಗೈರುಹಾಜರಿ. ಇಲ್ಲೇ ಮಾಡಿಸಿಕೊಂಡು ಹೋಗತೀನಿ, ಇಜಾಜತ್ ಕೊಡ್ರಿ."

"ಇದು ಸರಕಾರಿ ದಫ್ತರ್ ಅಮ್ಮಾ!"

"ಸರಕಾರಿ ದಫ್ತರದಾಗ ಕುಂತ ಕುಂತೇ ಈಕಿಗೆ ಶುಗರ್ ಬಂದದ್ದು. ಎಲ್ಲಿ ಬಂತೋ ಅಲ್ಲೇ ಇಳಿಸಬೇಕು."

ಸಾಹೇಬರು ಕಾಯಿದೆ ಪುಸ್ತಕದಲ್ಲಿ ಇದಕ್ಕೆ ಉತ್ತರ ಹುಡುಕಿದರೋ ಏನೋ, ಸಿಗಲಿಲ್ಲ. ರೆಕಾರ್ಡ್ ರೂಮಿನ ಕಡೆ ಕೈ ತೋರಿಸಿದರು. ನಿಜಾಮರ ಕಾಲದ ಕಡತಗಳ ನಡುವೆ, ಆ ಧೂಳಿನಲ್ಲಿ, ನಾನು ಇಪ್ಪತ್ತು ಬಸ್ಕಿ ಹೊಡೆದೆ. ಕಿಟಕಿಯಾಚೆ ಇಡೀ ಕಚೇರಿ ನಿಂತು ನೋಡಿತು. ಸಾಹೇಬರು ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು ಆ ಬ್ಯಾಚಿನಲ್ಲಿ ಗಂಡಸರಿಗೆ ಜಾಗ ಉಂಟೇ ಅಂತ ವಿಚಾರಿಸಿದರು.

ಸಂಜೆ ಮನೆಗೆ ಹೋದವಳೇ ಚೀಲ ಬಿಸಾಡಿ ಜಗಳಕ್ಕೆ ನಿಂತೆ. "ನನ್ನ ಮರ್ಯಾದಿ ಪೂರಾ ಕಳದಿ! ನಿನಗೇನು ಹುಚ್ಚೇನು? ಸತ್ತರ ಸಾಯತೀನಿ, ಬಿಡು ನನ್ನ!"

ಬೈಗುಳಕ್ಕೆ ಬೈಗುಳ ಬರುತ್ತದೆ ಅಂತ ಕಾದರೆ, ದೊಡ್ಡವ್ವ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ನಾನು ಗೆದ್ದೆ ಅಂದುಕೊಂಡೆ. ಬೆಳಿಗ್ಗೆ ಐದಕ್ಕೆ ಸರಿಯಾಗಿ ಯಾರೋ ನನ್ನ ಹೊದಿಕೆ ಎಳೆದರು. ಯಾರೆಂದು ಬೇರೆ ಹೇಳಬೇಕೇ?

ಮೂರು ತಿಂಗಳು ತುಂಬಿತು. ರಾಯಚೂರಿಗೆ ಹೋದೆವು. ಡಾಕ್ಟರು ಹೊಸ ರಿಪೋರ್ಟನ್ನು ಹಳೆಯದರ ಪಕ್ಕ ಇಟ್ಟು ಎರಡೆರಡು ಸಲ ನೋಡಿದರು. ಈ ಸಲ ಕನ್ನಡಕ ತೆಗೆಯಲಿಲ್ಲ. "ಹೈದರಾಬಾದೇನೂ ಬೇಡಮ್ಮ. ಎಲ್ಲಾ ಇಳಿದಿದೆ. ಹೀಗೇ ಮುಂದುವರಿಸಿ" ಅಂದರು. ಹಾರಿಕೊಂಡು ಹೊರಗೆ ಬಂದೆ. ಬೆಂಚಿನ ಮೇಲೆ ದೊಡ್ಡವ್ವ ಇಲ್ಲ! ಔಷಧದ ಅಂಗಡಿಯಲ್ಲಿಲ್ಲ, ಗೇಟಿನ ಹತ್ತಿರವೂ ಇಲ್ಲ. ಕೊನೆಗೆ ಮೆಟ್ಟಿಲ ಹಿಂದೆ ಸಿಕ್ಕಳು. ಗೋಡೆಗೆ ಮುಖ ಮಾಡಿ, ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು.

ಅವ್ವ ಸತ್ತ ದಿನ ಕೂಡ ಅಳದೆ, ಬಂದವರಿಗೆಲ್ಲ ನೀರು ಕೊಟ್ಟು, ನನ್ನನ್ನು ಹಿಡಿದುಕೊಂಡು ಕೂತಿದ್ದವಳು ಈಕೆ.

"ದೊಡ್ಡವ್ವಾ, ಎಲ್ಲಾ ಚಲೋ ಐತಿ ಅಂದಾರ. ಕೇಳ್ದೇನು? ಚಲೋ ಐತಿ!"

"ಕೇಳ್ದೆ. ಬಾಗಿಲದಾಗ ನಿಂತು ಕೇಳ್ದೆ." ಸೆರಗು ತೆಗೆದಳು. "ನಿಮ್ಮವ್ವ ಹೋದ ದಿನ ನಾ ನಿಮ್ಮನಿಗೆ ಬಂದಿದ್ದೆ. ಆಕಿ, ಅಕ್ಕಾ ಎದಿ ಭಾರ ಆಗೈತಿ, ದವಾಖಾನಿಗೆ ಹೋಗೋಣೇನು ಅಂದಳು. ಗ್ಯಾಸ್ ಇರತೈತಿ, ಸುಮ್ಮಕ ಮಕ್ಕೊ ಅಂದೆ ನಾನು. ಹುಟ್ಟಿದಾಗಿಂದ ಒಂದು ದಿನಾ ನನ್ನ ಮಾತು ಕೇಳಿದಾಕಿ ಅಲ್ಲ ಆಕಿ. ಅವತ್ತ ಕೇಳಿದಳು. ಮಕ್ಕೊಂಡಳು."

ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದೆವು, ಈ ಮಾತನ್ನು ಆಕೆ ಯಾರಿಗೂ ಹೇಳಿರಲಿಲ್ಲ. "ಸತ್ತರ ಸಾಯತೀನಿ" ಅಂತ ನಾನು ಅಂದದ್ದು ಯಾರ ಮುಂದೆ ಅಂತ ಆಗ ಗೊತ್ತಾಯಿತು. ಆ ಆಸ್ಪತ್ರೆಯ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬದಲಿಗೆ ಆಕೆಯನ್ನು ಅಪ್ಪಿಕೊಂಡೆ. ಎಷ್ಟು ಸಣ್ಣಗಿದ್ದಳು!

"ನಾಳಿ ನೀ ಮಕ್ಕೊ ದೊಡ್ಡವ್ವಾ" ಅಂದೆ. "ನಾ ಒಬ್ಬಾಕಿನೇ ಹೋಗಿ ಬರತೀನಿ. ನಿನ್ನಾಣಿ."

ಮರುದಿನ ನಾನೇ ಎದ್ದೆ, ನಾನೇ ಹೋದೆ, ಬೆವರು ಸುರಿಸಿ ಏಳೂವರೆಗೆ ತಿರುಗಿ ಬಂದೆ. ಒಲೆ ಹೊತ್ತಿರಲಿಲ್ಲ. ಅಂಗಳ ಗುಡಿಸಿರಲಿಲ್ಲ. ಕೋಣೆಯ ಕಿಟಕಿಯಿಂದ ಬಿಸಿಲು ಬಂದು ಕಂಬಳಿಯ ಮೇಲೆ ಬಿದ್ದಿತ್ತು, ದೊಡ್ಡವ್ವ ಅದರೊಳಗೆ ಅಲುಗಾಡದೆ ಮಲಗಿದ್ದಳು. ಈಕೆ ಬಿಸಿಲೇರಿದ ಮೇಲೆ ಮಲಗಿದ್ದನ್ನು ನಾನು ಒಮ್ಮೆಯೂ ನೋಡಿದವಳಲ್ಲ. ಕರೆಯಲು ಬಾಯಿ ತೆರೆದೆ, ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಗೊರಕೆ ಕೇಳಿಸಿತು. ಅದೂ ಎಂಥ ಗೊರಕೆ! ನಾನು ಹೊಸ್ತಿಲ ಮೇಲೆ ಕೂತೆ. ದಫ್ತರಕ್ಕೆ ಹೊತ್ತಾಯಿತು ಅಂತ ನಮ್ಮ ಮನೆಯವರು ಎರಡು ಸಲ ಹೇಳಿ ಹೋದರು. ಕೂತು ಕೇಳುತ್ತಲೇ ಇದ್ದೆ.