ಇಳಾಗೆ ತೋರಿಸದ ಕಾಗದ

ನಾನು ನಾಸ್ತಿಕ ಎಂದು ಹೇಳಿಕೊಳ್ಳುವುದು ನನಗೆ ಬಲು ಇಷ್ಟ. ಇಷ್ಟು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವನಿಗೆ ಅಷ್ಟಾದರೂ ಗತ್ತು ಬೇಡವೇ? ಆದರೂ ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ನಾನು ಹೊಸ ಕೆಲಸ ಯಾವುದನ್ನೂ ಶುರು ಮಾಡುವುದಿಲ್ಲ. ಅದು ರಾಹುಕಾಲವಾಗಿರುವುದು ಬರೀ ಆಕಸ್ಮಿಕ ಎಂದು ಮಗಳು ಚೈತ್ರಳಿಗೆ ಹೇಳಿ ನೋಡಿದೆ. "ವಿಡಿಯೋ ಗೇಮಲ್ಲಿ ಡ್ರ್ಯಾಗನ್ ಗುಹೆಗೆ ಹೋಗೋಕೂ ರಾಹುಕಾಲ ನೋಡ್ತೀಯಲ್ಲಪ್ಪಾ, ನಿನ್ನಂಥ ನಾಸ್ತಿಕನ್ನ ಎಲ್ಲೂ ನೋಡಿಲ್ಲ" ಎಂದು ಬಿದ್ದು ಬಿದ್ದು ನಕ್ಕಳು.

ಡ್ರ್ಯಾಗನ್ ಗುಹೆಗೂ ನನಗೂ ಗಂಟು ಬಿದ್ದದ್ದು ಬೇಸಿಗೆ ರಜೆಯಲ್ಲಿ. ನಾವಿರುವುದು ಬೋಗಾದಿ ಬಡಾವಣೆಯಲ್ಲಿ. ಅಕ್ಕಪಕ್ಕ ಸದಾ ಯಾರಾದರೊಬ್ಬರು ಮನೆ ಕಟ್ಟುತ್ತಲೇ ಇರುತ್ತಾರೆ. ಹಾಗೆ ರಸ್ತೆಗೆ ಸುರಿದಿದ್ದ ಜಲ್ಲಿಯ ಮೇಲೆ ಜಾರಿ ಪಾದದ ಮೂಳೆ ಬಿರುಕು ಬಿಟ್ಟು, ಒಂದು ತಿಂಗಳು ಪ್ಲಾಸ್ಟರ್ ಹಾಕಿಸಿಕೊಂಡು ಕೂತೆ. ಕೂತವನು ಸುಮ್ಮನಿರದೆ ಅಡುಗೆಮನೆಯ ಕಡೆ ತಿರುಗಿ ಒಗ್ಗರಣೆಗೆಲ್ಲ ಸಲಹೆ ಕೊಡತೊಡಗಿದೆ. ನನ್ನ ಹೆಂಡತಿ ಪದ್ಮಿನಿ ಮಗಳನ್ನು ಕರೆದು, "ಇವರ ಕೈಗೆ ಏನಾದ್ರೂ ಕೊಡೇ ತಾಯಿ, ಪುಣ್ಯ ಬರುತ್ತೆ" ಎಂದಳು. ಚೈತ್ರ ತನ್ನ ಗೇಮ್ ಕೊಟ್ಟಳು.

ಈ ಆಟದಲ್ಲಿ ನಾವೊಬ್ಬ ವೀರರು. ಜೊತೆಗೆ ನಾಲ್ಕು ಜನ ಸಂಗಾತಿಗಳು. ಸಂಜೆ ಬಿಡಾರ ಹೂಡಿದಾಗ ಅವರು ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಾರೆ. ಪರದೆಯ ಮೇಲೆ ಮೂರು ಉತ್ತರ ಮೂಡುತ್ತವೆ, ನಾವು ಒಂದನ್ನು ಆರಿಸಬೇಕು. ಮನೆಯಲ್ಲೂ ಹೀಗೆ ಮೂರು ಉತ್ತರ ಬರೆದು ತೋರಿಸುವ ವ್ಯವಸ್ಥೆ ಇದ್ದಿದ್ದರೆ ನನ್ನ ಸಂಸಾರದ ಅರ್ಧ ಜಗಳ ತಪ್ಪುತ್ತಿತ್ತು. ಸಂಗಾತಿಗಳಲ್ಲಿ ಒಬ್ಬಳು ದೇವಸ್ಥಾನದಲ್ಲಿ ಬೆಳೆದ ಹುಡುಗಿ. ಅವಳ ಹೆಸರು ನಾಲಿಗೆ ಹೊರಳದಷ್ಟು ಉದ್ದ, ಅದಕ್ಕೇ ಇಳಾ ಎಂದು ಕರೆದುಕೊಂಡೆ. ಚಿಕ್ಕವಳಿದ್ದಾಗ ಬೆಳಗಿನ ದೇವತೆಯ ವಿಗ್ರಹ ಅವಳನ್ನು ಹೆಸರು ಹಿಡಿದು ಕೂಗಿತಂತೆ. ಅಂದಿನಿಂದ ಅವಳು ಆ ದೇವತೆಯವಳು. ದಿನಾ ಸಂಜೆ ಪುಟ್ಟ ದೀಪ ಹಚ್ಚಿ ಕೈಮುಗಿಯುತ್ತಿದ್ದಳು. ಯಾರಿಗೆ ಗಾಯವಾದರೂ ಅವಳು ಪ್ರಾರ್ಥಿಸಿದರೆ ಮಾಯುತ್ತಿತ್ತು. ಅವಳ ಮೇಲೆ ನನಗೆ ಮಗಳ ಮೇಲಿನಷ್ಟೇ ಅಕ್ಕರೆ ಬಂದುಬಿಟ್ಟಿತು.

ಒಂದು ದಿನ ಪಾಳುಗುಡಿಯಲ್ಲಿ ಹಳೆಯ ಕಾಗದವೊಂದು ಸಿಕ್ಕಿತು. ದೊಡ್ಡ ಪೂಜಾರಿ ಬರೆದಿದ್ದು. ವಿಗ್ರಹದ ಹಿಂದೆ ಕೊಳವೆ ಇಟ್ಟು ಮಾತಾಡುತ್ತಿದ್ದವನು ತಾನೇ ಎಂದು ಅದರಲ್ಲಿ ಒಪ್ಪಿಕೊಂಡಿದ್ದ. "ಅವಳಿಗೆ ತೋರಿಸಪ್ಪಾ" ಎಂದಳು ಚೈತ್ರ. ತೋರಿಸಿದೆ. ಇಳಾ ನನ್ನ ಮುಖವನ್ನೇ ನೋಡಿದಳು. ಮೂರು ಉತ್ತರಗಳಲ್ಲಿ ನಾನು, ಮೇಷ್ಟರ ಚಪಲ ನೋಡಿ, 'ನಂಬಿಕೆಯೆಲ್ಲ ಇಷ್ಟೇ, ಇನ್ನಾದರೂ ಬುದ್ಧಿ ಉಪಯೋಗಿಸು' ಎಂಬುದನ್ನು ಆರಿಸಿದೆ. ಅವಳು ದೀಪವನ್ನು ಹೊಳೆಗೆ ಎಸೆದುಬಿಟ್ಟಳು. ಮಾರನೆಯ ದಿನ ಗಾಯ ಮಾಯಿಸುವವರಿಲ್ಲದೆ, ಡ್ರ್ಯಾಗನ್ ಇರಲಿ, ನಾಲ್ಕು ಬಡಕಲು ತೋಳಗಳ ಕೈಲಿ ನಾನು ಸತ್ತೆ, ಅದೂ ಮೂರು ಸಲ! ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಎದ್ದು, ಮಾಡಲು ಏನೂ ಇಲ್ಲವೆಂದು ನೆನಪಾಗಿ ಮತ್ತೆ ಕೂತಳು. ಇದನ್ನು ನೋಡಲಾಗಲಿಲ್ಲ. ಕಾಗದ ತೋರಿಸುವ ಮುಂಚೆ ಸೇವ್ ಮಾಡಿಟ್ಟಿದ್ದ ಹಂತಕ್ಕೆ ವಾಪಸ್ ಹೋಗಿ, ಕಾಗದವನ್ನು ಚೀಲದ ತಳಕ್ಕೆ ತುರುಕಿದೆ. ಇಳಾ ಮತ್ತೆ ದೀಪ ಹಚ್ಚಿದಳು. "ಥೂ, ಮೋಸ ಕಣಪ್ಪಾ ಇದು" ಎಂದಳು ಮಗಳು.

ಮೋಸ ಎಂದದ್ದು ನೇರ ನಾಟಿತು. ಏಕೆಂದರೆ ನನ್ನ ಸ್ವಂತ ಚೀಲದ ತಳದಲ್ಲೂ ಇಂಥದ್ದೇ ಒಂದು ಕಾಗದವಿತ್ತು. ನನ್ನ ನೌಕರಿ ಕಾಯಂ ಆಗುವುದೋ ಇಲ್ಲವೋ ಎಂದು ತಳಮಳಿಸುತ್ತಿದ್ದ ಕಾಲದಲ್ಲಿ ಪದ್ಮಿನಿ ಒಂದು ಹರಕೆ ಹೊತ್ತಿದ್ದಳು. ಕೆಲಸ ಕಾಯಂ ಆದರೆ ಪ್ರತಿ ಆಷಾಢದಲ್ಲೂ ಒಂದು ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚಿ ಹತ್ತುತ್ತೇನೆ ಎಂದು. ಅವಳು ಹರಕೆ ಹೊರುವ ಎರಡು ದಿನ ಮೊದಲೇ ಕಾಯಂ ಆದ ಆರ್ಡರ್ ನನ್ನ ಕೈಗೆ ಬಂದಿತ್ತು! ಅವಳ ಹುಟ್ಟುಹಬ್ಬಕ್ಕೆ ಹೇಳೋಣವೆಂದು ಮುಚ್ಚಿಟ್ಟಿದ್ದೆ. ಅವಳು ಹರಕೆಯ ಸುದ್ದಿ ಹೇಳಿದಾಗ ಆರ್ಡರನ್ನು ಬ್ಯಾಗಿನ ಇನ್ನೂ ಒಳಗೆ ತಳ್ಳಿದೆ. ಮಾರನೆಯ ದಿನ "ಇವತ್ತು ಬಂತು ನೋಡು" ಎಂದುಬಿಟ್ಟೆ. ಅವಳು ಅತ್ತಳು. ಅಂದಿನಿಂದ ವರ್ಷ ತಪ್ಪದೆ ಹತ್ತಿದಳು, ನಾನು ಕುಂಕುಮದ ಪೊಟ್ಟಣ ಹಿಡಿದು ಹಿಂದೆ ಹಿಂದೆ ನಡೆದೆ. ಈಗ ಅವಳ ಮಂಡಿ ಸವೆದಿದೆ. ಮೆಟ್ಟಿಲು ಹತ್ತಲೇಕೂಡದು ಎಂದು ಡಾಕ್ಟರು ಹೇಳಿದ್ದಾರೆ. "ಹರಕೆ ಬಿಡೋಕಾಗುತ್ತಾ?" ಎಂದು ಅವಳು ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದಳು. ಸುಳ್ಳು ನನ್ನದು, ಮಂಡಿ ಅವಳದು.

ಆಷಾಢಕ್ಕೆ ವಾರವಿದ್ದಾಗ, ರಾಹುಕಾಲ ಮುಗಿದ ಮೇಲೆ, ಧೈರ್ಯ ಮಾಡಿ ಎಲ್ಲ ಹೇಳಿದೆ. ಇಲ್ಲಿ ಹಿಂದಕ್ಕೆ ಹೋಗಲು ಸೇವ್ ಇಲ್ಲ ಎಂಬುದೂ ಗೊತ್ತಿತ್ತು. ಪದ್ಮಿನಿ ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣ್ರೀ."

"ಯಾವಾಗಿಂದ?"

"ಆ ಆರ್ಡರಿಗೆ ಲ್ಯಾಮಿನೇಷನ್ ಹಾಕ್ಸಿದ್ದು ಯಾರು? ನಾನೇ ಅಲ್ವಾ? ಕೆಳಗೆ ನೀವು ಸಹಿ ಮಾಡಿ ಹಾಕಿದ್ದ ತಾರೀಖು ಓದೋಕೆ ಬರಲ್ವಾ ನಂಗೆ?"

"ಮತ್ತೆ ಇಷ್ಟು ವರ್ಷ ಯಾಕೆ ಹತ್ತಿದೆ ಮಾರಾಯ್ತಿ?"

"ನೀವು ಸುಳ್ಳು ಹೇಳಿದ್ರಿ ಅಂತ ನಾನು ಚಾಮುಂಡಿ ತಾಯಿಗೆ ಕೊಟ್ಟ ಮಾತು ತಪ್ಪಲಾ? ಚೆನ್ನಾಗಿದೆ" ಎಂದಳು. ಆಮೇಲೆ ಸ್ವಲ್ಪ ಮೆತ್ತಗೆ, "ಪೇಪರು ಫೋನು ಇಲ್ದೆ ನೀವು ನನ್ನ ಜೊತೆ ನಡೆಯೋದು ವರ್ಷಕ್ಕೆ ಅದೊಂದೇ ದಿನ ಕಣ್ರೀ. ಅದನ್ನೂ ಕಳ್ಕೊಳ್ಳಬೇಕಿತ್ತಾ?"

ನನ್ನ ಕಣ್ಣು ತುಂಬಿತು. ಅವಳು ಕಾಯುವವಳಲ್ಲ. "ತಾಯಿ ಹತ್ರ ಮಾತಾಡ್ಕೊಂಡಿದೀನಿ. ಈ ವರ್ಷದಿಂದ ಹರಕೆ ನಿಮ್ಮದು. ನಾನು ಬಸ್ಸಲ್ಲಿ ಬಂದು ಮೇಲೆ ಕಾಯ್ತೀನಿ" ಎಂದಳು.

ಆ ವಾರವೇ ಇಳಾಗೂ ಕಾಗದ ತೋರಿಸಿದೆ. ಈ ಸಲ ಉಪದೇಶದ ಉತ್ತರ ಬಿಟ್ಟು, ಏನೂ ಹೇಳದೆ ಪಕ್ಕದಲ್ಲಿ ಕೂರುವ ಉತ್ತರ ಆರಿಸಿದೆ. ಅವಳು ದೀಪವನ್ನು ಕೈಗೆತ್ತಿಕೊಂಡಳು. ದೀಪ ಹಚ್ಚಲಿಲ್ಲ, ಹೊಳೆಗೆ ಎಸೆಯಲೂ ಇಲ್ಲ. ಸೆರಗಿನಲ್ಲಿ ಒರೆಸಿ ಚೀಲದೊಳಗೆ ಇಟ್ಟುಕೊಂಡಳು. ಅವಳದು ಸೆರಗಲ್ಲ, ಏನೋ ಮೇಲಂಗಿ, ನನಗೆ ಮಾತ್ರ ಸೆರಗಿನ ಹಾಗೆ ಕಂಡಿತು.

ಆಷಾಢದ ಮೊದಲ ಶುಕ್ರವಾರ ಬೆಳಗ್ಗೆ, ವಾಸಿಯಾಗಿದ್ದ ಪಾದವನ್ನು ನಂಬಿ, ಒಬ್ಬನೇ ಬೆಟ್ಟ ಹತ್ತಿದೆ. ಮೆಟ್ಟಿಲಿಗೊಮ್ಮೆ ಬಗ್ಗಿ ಬೊಟ್ಟಿಟ್ಟು ಏಳುವುದೆಂದರೆ ಏನೆಂದು ನನ್ನ ಸೊಂಟಕ್ಕೆ ಅಂದೇ ತಿಳಿದದ್ದು. ಇದು ವ್ಯಾಯಾಮ, ಹೆಂಡತಿಯ ತೃಪ್ತಿಗಾಗಿ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಂದಿ ದಾಟಿದ ಮೇಲೆ ಹಿಂದೆಲ್ಲೋ ಒಂದು ಮೆಟ್ಟಿಲು ಬಿಟ್ಟುಹೋಯಿತೇ ಎಂಬ ಅನುಮಾನ ಶುರುವಾಯಿತು. ಅಷ್ಟು ಜನಜಂಗುಳಿಯಲ್ಲಿ ನನ್ನ ಮೆಟ್ಟಿಲು ಲೆಕ್ಕ ಇಡುವವರು ಯಾರೂ ಇರಲಿಲ್ಲ. ಪದ್ಮಿನಿ ಮೇಲೆ ಬಸ್‌ ಸ್ಟ್ಯಾಂಡಿನಲ್ಲಿದ್ದಳು. ಆದರೂ ಹದಿನೆಂಟು ಮೆಟ್ಟಿಲು ಇಳಿದು ಹೋಗಿ ನೋಡಿದೆ. ಕುಂಕುಮ ಇತ್ತು. ಆದರೆ ಎಲ್ಲ ಮೆಟ್ಟಿಲಲ್ಲೂ ಬೇರೆಯವರದೂ ಇತ್ತು, ಇದು ನಾನು ಇಟ್ಟದ್ದೇ ಎಂದು ನಂಬುವುದು ಹೇಗೆ? ಯಾವುದಕ್ಕೂ ಇರಲಿ ಎಂದು ಬಗ್ಗಿ ಇನ್ನೊಂದು ಬೊಟ್ಟು ಇಟ್ಟೆ.